ಹೆಬ್ಬೆರಳ ಬುಡದ ಗೆರೆ

ನನ್ನ ಬಾಯಿ ಒರಟು ಎಂದು ನಮ್ಮ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುವವಳಿಂದ ಹಿಡಿದು ಡಾಕ್ಟರ್ ಶರಣ್ ಅವರ ತನಕ ಎಲ್ಲರಿಗೂ ಗೊತ್ತು. ಸರದಿ ತಪ್ಪಿಸಿ ನುಗ್ಗುವವರನ್ನಾಗಲಿ, ಎದೆಯ ಫಿಲಂ ತೆಗೆಯುವಾಗ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡೇ ನಿಲ್ಲುವವರನ್ನಾಗಲಿ ನಾನು ಸುಮ್ಮನೆ ಬಿಟ್ಟವಳಲ್ಲ. ಹೊಸದುರ್ಗದಲ್ಲಿ ಹತ್ತೊಂಬತ್ತು ವರ್ಷ ಎಕ್ಸ್‌ರೇ ತೆಗೆದಿದ್ದೇನೆ. ಬೈಯಬೇಕಾದ ಕಡೆ ಬೈದಿದ್ದೇನೆ, ಬೈಯಬಾರದ ಕಡೆಯೂ ಬೈದಿದ್ದೇನೆ. ಆದರೆ ಶಾಂತಿಯ ವಿಷಯ ನೆನೆದಾಗ ಉರಿಯುವಷ್ಟು ಮೈ ನನಗೆ ಇನ್ಯಾವುದಕ್ಕೂ ಉರಿದಿಲ್ಲ.

ಅವಳು ಮೊದಲ ಸಲ ಬಂದದ್ದು ಶ್ರಾವಣದಲ್ಲಿ. ಮತ್ತೋಡಿನ ಸೊಸೆ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಹೊಳಲ್ಕೆರೆ ರಸ್ತೆಯ ಒಂದು ತೆಂಗಿನಪುಡಿ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಚಿಪ್ಪು ಬಿಡಿಸಿದ ಕಾಯಿಯನ್ನು ಹೆಂಗಸರು ಎಡಗೈಯಲ್ಲಿ ತಿರುಗಿಸುತ್ತ ಬಲಗೈಯ ಚಾಕುವಿನಿಂದ ಮೇಲಿನ ಕಂದು ಸಿಪ್ಪೆ ಹೆರೆಯುತ್ತಾರೆ. ದಿನಕ್ಕೆ ನೂರಾರು ಕಾಯಿ. ಇಡೀ ಕೆಲಸ ನಿಂತಿರುವುದು ಮಣಿಕಟ್ಟಿನ ಮೇಲೆ. ಹೆರೆಯುವವರಲ್ಲೆಲ್ಲ ಇವಳೇ ಚುರುಕು ಎಂದು ಜೊತೆಗೆ ಬಂದಿದ್ದ ಸೂಪರ್‌ವೈಸರ್ ಜಂಬಣ್ಣನೇ ಹೇಳಿದ. ಕಾಯಿನೀರು ಚೆಲ್ಲಿದ್ದ ನೆಲದಲ್ಲಿ ಬುಟ್ಟಿ ಹಿಡಿದು ಬರುವಾಗ ಜಾರಿದ್ದಳು, ಬಲಗೈ ಊರಿ ಬಿದ್ದಿದ್ದಳು.

ಆ ಫ್ಯಾಕ್ಟರಿಯಲ್ಲಿ ಯಾರಿಗೆ ಏನಾದರೂ ನಮ್ಮಲ್ಲಿಗೇ ಕರೆತರುತ್ತಿದ್ದರು. ಮಾಲೀಕ ಮುರುಗಪ್ಪನವರೂ ನಮ್ಮ ಶರಣ್ ಅವರೂ ಬೆಳಗ್ಗೆ ಜೊತೆಯಲ್ಲಿ ವಾಕಿಂಗ್ ಹೋಗುವ ಸ್ನೇಹಿತರು.

ಶಾಂತಿಯ ಎರಡೂ ಕೈಯಲ್ಲಿ ಶ್ರಾವಣಕ್ಕೆಂದು ತೊಡಿಸಿದ್ದ ಹಸಿರು ಗಾಜಿನ ಬಳೆ, ಡಜನ್ ಡಜನ್. ಬಲ ಮಣಿಕಟ್ಟು ಊದಿಕೊಂಡು ಬಳೆಗಳು ಚರ್ಮದಲ್ಲಿ ಹೂತಿದ್ದವು. ಗಾಜು ಎಕ್ಸ್‌ರೇಯಲ್ಲಿ ಬೆಳ್ಳಗೆ ಮೂಡಿ ಹಿಂದಿನದನ್ನು ಮರೆಮಾಡುತ್ತದೆ. ಬಳೆ ತೆಗೆಯಿರಿ ಎಂದರೆ ನಮ್ಮ ಕಡೆಯ ಹೆಂಗಸರು ಒಪ್ಪುವುದಿಲ್ಲ, ಮುತ್ತೈದೆಯ ಕೈ ಬರಿದಾಗಬಾರದು. ಅದಕ್ಕೆ ನಾನು ಮೇಜಿನ ಡ್ರಾಯರಿನಲ್ಲಿ ಅರಿಶಿನ ಹಚ್ಚಿದ ದಾರದ ಉಂಡೆ ಇಟ್ಟಿರುತ್ತೇನೆ. ಮೊದಲು ದಾರ ಕಟ್ಟಿ, ಆಮೇಲೆ ಬಳೆ ಜಾರಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಇವಳ ಬಳೆ ಜಾರುವಂತಿರಲಿಲ್ಲ, ಒಂದೊಂದಾಗಿ ಕತ್ತರಿಸಬೇಕಿತ್ತು. ಕಟರ್ ಕೈಗೆತ್ತಿಕೊಂಡದ್ದೇ ತಡ, ಅವಳ ಅತ್ತೆ ತಿಪ್ಪಕ್ಕ ಅಡ್ಡ ಬಂದಳು.

“ನನ್ ಮಗ ಲಾರಿ ತಗಂಡು ಪುಣೆ ಕಡೆ ಹೋಗವ್ನೆ. ಅವನು ರೋಡಿನ ಮ್ಯಾಲಿರುವಾಗ ಬಳೆ ಕತ್ತರಿಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಬೇರೆ ದಿನವಾಗಿದ್ದರೆ ಜಗಳವಾಡಿ ಒಪ್ಪಿಸುತ್ತಿದ್ದೆ. ಅಂದು ಬಾಗಿಲ ಹೊರಗೆ ಹನ್ನೊಂದು ಜನ ಕುಳಿತಿದ್ದರು, ಯಾಕಿಷ್ಟು ಲೇಟು ಎಂದು ಶರಣ್ ಎರಡು ಸಲ ಕೂಗಿಯಾಗಿತ್ತು. ಹಾಳಾಗಿ ಹೋಗಲಿ ಎಂದುಕೊಂಡು ಬಳೆಗಳನ್ನು ಆದಷ್ಟು ಮೇಲಕ್ಕೆ ಒತ್ತಿದೆ. ಮೇಲಿನವು ಸರಿದವು, ಕೆಳಗಿನ ಎರಡು ಊತದಲ್ಲಿ ಕಚ್ಚಿಕೊಂಡು ಅಲುಗಲೇ ಇಲ್ಲ. ಕೈ ಸರಿಯಾಗಿ ಇಡಿಸುವಾಗ ಹೆಬ್ಬೆರಳ ಬುಡದ ಗುಳಿಗೆ ನನ್ನ ಬೆರಳು ತಾಗಿತು. ಅಲ್ಲಿಯವರೆಗೆ ಉಸಿರೆತ್ತದ ಹುಡುಗಿ “ಅವ್ವಾ” ಎಂದು ಬಾಗಿ ಕುಳಿತಳು. ಆ ಗುಳಿಯಲ್ಲಿ ನೋವಿದ್ದರೆ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತು. ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಮೂಳೆಗಳಲ್ಲಿ ಗೋಡಂಬಿಯಂಥ ಒಂದು ಮೂಳೆ ಆ ಗುಳಿಯ ತಳದಲ್ಲೇ ಇರುತ್ತದೆ. ಸ್ಕೇಫಾಯ್ಡ್ ಎನ್ನುತ್ತಾರೆ. ಕೈ ಊರಿ ಬಿದ್ದವರಲ್ಲಿ ಮೊದಲು ಅನುಮಾನಿಸಬೇಕಾದ ಮೂಳೆ ಅದು. ಅದಕ್ಕೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ ಮಾತ್ರ. ನಡುವಿನಲ್ಲಿ ಸೀಳಿದ ಮೇಲೆ ಅಲುಗಾಡಿಸುತ್ತಲೇ ಇದ್ದರೆ, ತೋಳಿನ ಕಡೆಯ ಒಳಗಿನ ತುಂಡು ರಕ್ತವಿಲ್ಲದೆ ಸಾಯಬಹುದು.

ನೇರಕ್ಕೆ ಒಂದು, ಪಕ್ಕಕ್ಕೆ ಒಂದು, ಎರಡು ಚಿತ್ರ ತೆಗೆದೆ. ಡಾಕ್ಟರ ಚೀಟಿಯಲ್ಲಿ ಬರೆದದ್ದು ಅಷ್ಟೇ. ಕಂಪ್ಯೂಟರ್ ಪರದೆಯ ಮೇಲೆ ಕೈ ಮೂಡಿತು. ಮೂಳೆಯ ಚಿತ್ರ ನೋಡುವಾಗ ಪ್ರತಿಯೊಂದರ ಅಂಚನ್ನೂ ಕಣ್ಣಿನಿಂದ ಸವರಿಕೊಂಡು ಹೋಗಬೇಕು, ಎಲ್ಲಿಯಾದರೂ ಅಂಚು ತಪ್ಪಿದರೆ ಅಲ್ಲಿ ನಿಲ್ಲಬೇಕು. ನನ್ನ ಕಣ್ಣು ಆ ಗೋಡಂಬಿಯ ಸೊಂಟದಲ್ಲಿ ನಿಂತಿತು. ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಅದರ ಆಚೆಗೊಂದು ಈಚೆಗೊಂದು ಬಳೆಯ ಬಿಳಿ ಪಟ್ಟಿ.

ಪ್ರಿಂಟ್ ಹಿಡಿದು ನಾನೇ ಡಾಕ್ಟರ ಕೋಣೆಗೆ ಹೋದೆ. ಸ್ಕೇಫಾಯ್ಡಿನಲ್ಲಿ ಗೆರೆ ಇದೆ, ಗುಳಿಯಲ್ಲಿ ನೋವೂ ಇದೆ, ಕೈಯನ್ನು ಕಿರುಬೆರಳ ಕಡೆಗೆ ವಾಲಿಸಿ ಮೂರನೆಯ ಚಿತ್ರ ತೆಗೆಯಲೇ ಎಂದು ಕೇಳಿದೆ. ಶರಣ್ ಪ್ರಿಂಟನ್ನು ಕಿಟಕಿಗೆ ಹಿಡಿದು ಮೂರು ಸೆಕೆಂಡ್ ನೋಡಿದರು. ಎರಡು ಬಳೆಯ ನಡುವಿನ ಸಂದು ಅದು, ಗೆರೆಯೂ ಇಲ್ಲ ಏನೂ ಇಲ್ಲ ಎಂದರು. ಬಳೆಯ ಸಂದಾಗಿದ್ದರೆ ಮೂಳೆ ದಾಟಿ ಮಾಂಸದ ಮೇಲೂ ಹರಿಯಬೇಕಿತ್ತು ಸಾರ್, ಇದು ಮೂಳೆಯ ಅಂಚಿಗೇ ನಿಂತಿದೆ ಎಂದೆ. ಆಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ದಾಕ್ಷಾಯಣಮ್ಮ, ಓದಿದೋನು ನಾನಾ ನೀವಾ? ಗುಂಡಿ ಒತ್ತೋದು ನಿಮ್ಮ ಕೆಲಸ. ಒತ್ತಿ ಆಯ್ತಲ್ಲ, ಹೋಗಿ.”

ಎದುರಿಗೆ ಜಂಬಣ್ಣ ಕುಳಿತಿದ್ದ. ಅವನ ಮುಂದೆಯೇ ರಿಪೋರ್ಟು ಬರೆದರು: ಮೂಳೆಗೆ ಪೆಟ್ಟಿಲ್ಲ, ಉಳುಕು, ಐದು ದಿನ ಮಾತ್ರೆ. ಹುಡುಗಿಯ ಕೈಯನ್ನು ಅವರು ಮುಟ್ಟಿ ಸಹ ನೋಡಲಿಲ್ಲ. ಗುಳಿಯನ್ನೊಮ್ಮೆ ಒತ್ತಿದ್ದರೆ ಸಾಕಿತ್ತು, ಅವಳ ಕೂಗೇ ಹೇಳುತ್ತಿತ್ತು. ಅನುಮಾನವಿದ್ದರೆ ಪ್ಲಾಸ್ಟರ್ ಪಟ್ಟಿ ಹಾಕಿ ಕಳಿಸಿ ಹತ್ತು ದಿನ ಬಿಟ್ಟು ಮತ್ತೆ ಚಿತ್ರ ತೆಗೆಯುವುದು ಎಂಥ ಎಳೆ ಡಾಕ್ಟರಿಗೂ ಗೊತ್ತಿರುವ ಪಾಠ. ಆ ಪಾಠಕ್ಕೆ ಇವರಿಗೆ ಪುರುಸೊತ್ತಿರಲಿಲ್ಲ.

ನಾನು ಹಲ್ಲು ಕಚ್ಚಿಕೊಂಡು ಹೊರಗೆ ಬಂದು ಕವರು ಕೊಟ್ಟೆ. ಶಾಂತಿ ನನ್ನ ಮುಖ ನೋಡಿ ಏನಾಗಿದೆ ಅಕ್ಕ ಎಂದು ಕೇಳಿದಳು. ಡಾಕ್ಟರು ಬರೆದಿದ್ದಾರಲ್ಲ, ಉಳುಕಂತೆ ಎಂದೆ. ಮುಂದಿನವರ ಹೆಸರು ಕೂಗಿದೆ.

ಆ ಸಂಜೆ ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದ ಸದ್ದಿಗೆ ನನ್ನ ಗಂಡ ಹನುಮಂತಯ್ಯ ಎದ್ದು ಬಂದರು. ಆ ಮನುಷ್ಯನಿಗೆ ಸೊಕ್ಕು ನೆತ್ತಿಗೇರಿದೆ ಎಂದು ಗಂಟೆಗಟ್ಟಲೆ ಕೂಗಾಡಿದೆ. ವಾರವಿಡೀ ಬೈದೆ. ಆಮೇಲೆ ಬೇರೆ ಕೈಗಳು, ಬೇರೆ ಕಾಲುಗಳು ಬಂದವು.

ದೀಪಾವಳಿ ಕಳೆದು ಎರಡು ವಾರಕ್ಕೆ ಶಾಂತಿ ಒಬ್ಬಳೇ ಬಂದಳು. ಗುರುತು ಸಿಗುವುದಕ್ಕೆ ಹೊತ್ತು ಹಿಡಿಯಿತು. ಮುಖ ಸಣ್ಣಗಾಗಿತ್ತು, ಬಲಗೈಯನ್ನು ಸೆರಗಿನಡಿಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಡಾಕ್ಟರಿಗೆ ತೋರಿಸಲು ಬಂದಿಲ್ಲ, ನಿಮ್ಮನ್ನು ಕೇಳಲು ಬಂದೆ ಎಂದಳು. ಬೇರೆ ಮಿಷನ್ನಿನಲ್ಲಿ ಹಾಕಿ ನೋಡಿದರೆ ನೋವು ಕಾಣುತ್ತದೆಯೇ ಎಂದು ಅವಳ ಪ್ರಶ್ನೆ. ಒಳಗೆ ಕರೆದು ಕೂರಿಸಿದೆ. ಮೂರು ತಿಂಗಳಲ್ಲಿ ನಡೆದದ್ದನ್ನು ನಿಧಾನವಾಗಿ ಹೇಳಿದಳು.

ಆರನೆಯ ದಿನವೇ ಅವಳನ್ನು ಕೆಲಸಕ್ಕೆ ಕರೆದಿದ್ದರು. ಚಾಕು ಹಿಡಿದರೆ ಕೈ ನಡುಗುತ್ತದೆ, ಹದಿನೈದು ದಿನ ರಜೆ ಕೊಡಿ ಎಂದರೆ ಜಂಬಣ್ಣ ಹಾಜರಿ ಪುಸ್ತಕ ತೆಗೆದು ತೋರಿಸಿದ. ನಮ್ಮ ರಿಪೋರ್ಟಿನ ಜೆರಾಕ್ಸನ್ನು ಅವಳ ಹೆಸರಿನ ಪುಟಕ್ಕೆ ಅಂಟಿಸಿದ್ದ. ಅವಳು ನೋವು ಎಂದಾಗಲೆಲ್ಲ ಆ ಪುಟ ತೆರೆದು, ಮೂಳೆಗೆ ಪೆಟ್ಟಿಲ್ಲ ಅಂತ ಇಲ್ಲಿದೆ ನೋಡು ಎನ್ನುತ್ತಿದ್ದ. ಜೊತೆಯ ಹೆಂಗಸರು ಮೊದಲು ಅಯ್ಯೋ ಎಂದರು, ಆಮೇಲೆ ಅವಳ ಪಾಲಿನ ಕಾಯಿ ನಾವ್ಯಾಕೆ ಹೆರೆಯಬೇಕು ಎಂದರು. ಎಲ್ಲರಿಗಿಂತ ಚುರುಕಾಗಿದ್ದವಳನ್ನು ಈಗ ಚಿಪ್ಪು ಗುಡಿಸಲು ಹಾಕಿದ್ದರು.

ಮನೆಯಲ್ಲೂ ಅದೇ ಕಾಗದ. ಮುದ್ದೆ ತಿರುವಲು ಕೋಲು ಹಿಡಿಯಲಾಗದೆ ಪಾತ್ರೆ ಉರುಳಿಸಿದ ದಿನ, ಕೈ ನೆಟ್ಟಗಿದೆ ಎಂದು ಫೋಟೋ ಹಿಡಿದು ಬರೆದುಕೊಟ್ಟಿದ್ದಾರಲ್ಲ, ಯಾರಿಗೆ ಈ ನಾಟಕ ಎಂದು ತಿಪ್ಪಕ್ಕ ಕೇಳಿದಳು. ಗಂಡ ಚಂದ್ರು ಕೆಟ್ಟವನಲ್ಲ. ಫೋನಿನಲ್ಲಿ ಅವನೂ ತಾಯಿಯ ಮಾತನ್ನೇ ಸ್ವಲ್ಪ ಮೆತ್ತಗೆ ಹೇಳಿದ. ಕೊನೆಗೆ ಐಮಂಗಲದ ಕಡೆ ಮೂಳೆ ಕಟ್ಟುವ ಮುದುಕನೊಬ್ಬನ ಹತ್ತಿರ ಕರೆದುಕೊಂಡು ಹೋದರು. ಅವನು ಬಿದಿರ ದಬ್ಬೆ ಇಟ್ಟು ಕಟ್ಟಿದ್ದರೂ ಒಂದಿಷ್ಟು ಒಳ್ಳೆಯದಾಗುತ್ತಿತ್ತೇನೋ. ಆದರೆ ಈಗ ಅವನೂ ಎಕ್ಸ್‌ರೇ ಕೇಳುತ್ತಾನೆ. ರಿಪೋರ್ಟು ಓದಿಸಿಕೊಂಡು, ಮುರಿದಿಲ್ಲವಲ್ಲ, ನರ ಹಿಡಿದಿದೆ ಎಂದು ಒಂಬತ್ತು ದಿನ ಎಣ್ಣೆ ಹಚ್ಚಿ ನೀವಿದ. ಸೀಳಿದ ಮೂಳೆಯನ್ನು ಒಂಬತ್ತು ದಿನ ನೀವಿದ.

“ನಂಗೇ ಅನುಮಾನ ಬಂತು ಅಕ್ಕ,” ಎಂದಳು. “ಎಲ್ರೂ ಅಷ್ಟು ಹೇಳುವಾಗ, ನಾನೇ ಸುಳ್ಳು ಹೇಳ್ತಿದೀನೇನೋ, ನಂಗೇ ಮೈಗಳ್ಳತನ ಬಂದೈತೇನೋ ಅಂತ.”

ಮಿಷನ್ ಹಾಕಿದೆ. ಚೀಟಿಯಿಲ್ಲದೆ ಫಿಲಂ ತೆಗೆಯಬಾರದು. ಆ ನಿಯಮವನ್ನು ಅಂದು ಚಪ್ಪಲಿಯ ಜೊತೆ ಹೊರಗೆ ಬಿಟ್ಟೆ. ಊತ ಇಳಿದಿದ್ದರಿಂದ ಬಳೆಗಳನ್ನು ಅವಳೇ ಜಾರಿಸಿದಳು. ದಾರ ಕಟ್ಟಲೇ ಎಂದರೆ ಬೇಡ ಎಂದಳು. ಕೈಯನ್ನು ಕಿರುಬೆರಳ ಕಡೆಗೆ ವಾಲಿಸಿ, ಶ್ರಾವಣದಲ್ಲಿ ತೆಗೆಯಬೇಕಿದ್ದ ಆ ಮೂರನೆಯ ಚಿತ್ರವನ್ನು ತೆಗೆದೆ.

ಈಗ ಕಣ್ಣು ಸವರುವುದೇನೂ ಬೇಕಿರಲಿಲ್ಲ. ಕೂದಲೆಳೆಯಂತಿದ್ದ ಗೆರೆ ಅಗಲವಾಗಿ ಬಾಯಿ ಬಿಟ್ಟಿತ್ತು. ಒಳಗಿನ ತುಂಡು ಸುತ್ತಲಿನ ಮೂಳೆಗಳಿಗಿಂತ ಬೆಳ್ಳಗಾಗಿತ್ತು. ಹಾಗೆ ಬೆಳ್ಳಗಾದ ತುಂಡಿಗೆ ರಕ್ತ ಹೋಗುತ್ತಿಲ್ಲವೆಂದೇ ಅನುಮಾನಿಸಬೇಕು. ಇನ್ನು ಪಟ್ಟಿ ಕಟ್ಟಿದರೆ ಕೂಡುವ ಮಾತಿರಲಿಲ್ಲ.

ಅವಳನ್ನು ಅಲ್ಲೇ ಕೂರಿಸಿ, ಹಳೆಯದು ಹೊಸದು ಎರಡೂ ಪ್ರಿಂಟ್ ಹಿಡಿದು ಶರಣ್ ಕೋಣೆಗೆ ನುಗ್ಗಿದೆ. ಒಳಗೆ ಇಬ್ಬರು ರೋಗಿಗಳಿದ್ದರು, ಇರಲಿ ಎಂದುಕೊಂಡೆ. ಎರಡನ್ನೂ ಅವರ ಮೇಜಿನ ಮೇಲೆ ಬಡಿದು, ಬಳೆಯ ಸಂದು ಹೇಗೆ ಬೆಳೆದಿದೆ ನೋಡಿ ಸಾರ್ ಎಂದೆ. ಅಂದೇ ಹೇಳಿದ್ದೆನಲ್ಲ ಎಂದೆ. ನಿಮ್ಮ ಮೂರು ಸೆಕೆಂಡಿಗೆ ಅವಳ ಕೈ ಹೋಯಿತು ಎಂದೆ. ಇನ್ನೂ ಏನೇನೋ ಎಂದೆ, ಬರೆಯುವಂಥದ್ದಲ್ಲ. ರೋಗಿಗಳು ಎದ್ದು ಗೋಡೆಗೆ ಸರಿದರು. ಶರಣ್ ಮುಖ ಕೆಂಪಾಯಿತು, ಆದರೆ ದನಿ ಏರಿಸಲಿಲ್ಲ.

“ಬಳೆ ತೆಗೆಸದೆ ಫಿಲಂ ಹಿಡಿದೋರು ಯಾರು? ನೀವೇ ತಾನೆ? ಕೋರ್ಟಿಗೆ ಹೋದ್ರೆ ಮೊದಲು ಕೇಳೋದು ಅದನ್ನೇ. ಬರೆದುಕೊಡ್ಲಾ?”

“ಬರ್ಕೊಡ್ರಿ. ಕೆಳಗೆ ನಾನೇ ಸೈನು ಹಾಕ್ತೀನಿ. ಅದರ ಪಕ್ಕ ನೀವೂ ಹಾಕ್ರಿ.”

ಅವರು ಬರೆಯಲಿಲ್ಲ. ನಾಳೆಯಿಂದ ಬರಬೇಡಿ ಎಂದರು ಅಷ್ಟೇ. ಹತ್ತೊಂಬತ್ತು ವರ್ಷಕ್ಕೆ ಒಂದೇ ವಾಕ್ಯ. ಬ್ಯಾಗಿಗೆ ಆ ಎರಡು ಪ್ರಿಂಟ್, ಟಿಫಿನ್ ಡಬ್ಬಿ ಹಾಕಿಕೊಂಡು ಹೊರಬೀಳುವಾಗ ನನಗೆ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಒಂಥರಾ ಗೆದ್ದ ಹಾಗಿತ್ತು. ಹೇಳುವುದನ್ನು ಹೇಳಿದ್ದೇನೆ, ನನ್ನಂಥವಳು ಇನ್ನೊಬ್ಬಳಿಲ್ಲ ಎನ್ನುವ ಉಬ್ಬು.

ಮೂಳೆ ಸೀಳಿದೆ, ನಾಳೆ ಮೂಳೆ ಡಾಕ್ಟರಿಗೆ ತೋರಿಸೋಣ ಎಂದಷ್ಟೇ ಹೇಳಿ ಅವಳನ್ನು ಮನೆಗೆ ಕಳಿಸಿದ್ದೆ. ಮರುದಿನ ಬೆಳಗ್ಗೆ ಶಾಂತಿಯನ್ನು ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಮನೆಯಲ್ಲಿ ತಿಪ್ಪಕ್ಕನಿಗೆ ಅವಳು ಏನು ಹೇಳಿ ಬಂದಳೋ ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಶರಣ್ ಅವರನ್ನು ಬಿಡಬಾರದು, ಮುರುಗಪ್ಪನವರಿಂದ ಪರಿಹಾರ ಕೇಳಬೇಕು, ಜಂಬಣ್ಣನ ಹಾಜರಿ ಪುಸ್ತಕವನ್ನು ಅವನ ಮುಖಕ್ಕೇ ಎಸೆಯಬೇಕು. ಅವಳು ಕಿಟಕಿಯ ಕಡೆ ಮುಖ ಮಾಡಿ ಹ್ಞೂಂಗುಟ್ಟುತ್ತಿದ್ದಳು. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳುತ್ತಿದ್ದಳು.

ಅಲ್ಲಿನ ಮೂಳೆ ಡಾಕ್ಟರ್ ಹನುಮೇಶ್ ಅವರ ಹೆಸರನ್ನು ನಾನು ಕೇಳಿದ್ದೆ, ನೋಡಿರಲಿಲ್ಲ. ಅವರು ಮೊದಲು ಮಾಡಿದ ಕೆಲಸವೆಂದರೆ ಶಾಂತಿಯ ಕೈಯನ್ನು ತಮ್ಮ ಎರಡೂ ಅಂಗೈಯಲ್ಲಿ ತೆಗೆದುಕೊಂಡದ್ದು. ತಿರುಗಿಸಿದರು, ಮಡಿಸಿದರು, ಗುಳಿಯಲ್ಲಿ ಬೆರಳಿಟ್ಟು ಅವಳ ಮುಖ ನೋಡಿದರು. ಆಮೇಲೆ ಚಿತ್ರಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಒಳಗಿನ ತುಂಡಿನ ಮೇಲೆ ಪೆನ್ನಿನ ತುದಿಯಿಟ್ಟು ಎಲ್ಲವನ್ನೂ ಅವಳಿಗೇ ವಿವರಿಸಿದರು, ನನಗಲ್ಲ. ಆಪರೇಷನ್ ಆಗಬೇಕು, ನಿನ್ನ ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬಿ ಸ್ಕ್ರೂ ಹಾಕಬೇಕು. ಕೂಡಬಹುದು, ಕೂಡದೆಯೂ ಇರಬಹುದು. ಕೂಡಿದರೂ ಕೈ ಮೊದಲಿನಷ್ಟು ತಿರುಗುವುದಿಲ್ಲ. ಚಾಕು ಹಿಡಿದು ದಿನವಿಡೀ ಹೆರೆಯುವ ಕೆಲಸವನ್ನು ಮರೆತುಬಿಡುವುದೇ ಒಳ್ಳೆಯದು ಎಂದರು.

ಶಾಂತಿ ಅಳಲಿಲ್ಲ. ಬಿದ್ದ ದಿನವೇ ಪಟ್ಟಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು.

“ಬಹಳ ಮಟ್ಟಿಗೆ ಕೂಡ್ತಿತ್ತಮ್ಮ. ಎರಡು ಮೂರು ತಿಂಗಳು ಪಟ್ಟಿ, ಅಷ್ಟೇ.”

ಆ ಮಾತು ಮುಗಿಯುವುದರೊಳಗೆ ಅವರು ಹಳೆಯ ಚಿತ್ರದ ಹತ್ತಿರ ಬಗ್ಗಿದರು. ಬಳೆಗಳ ನಡುವೆ ಕಣ್ಣು ಕಿರಿದು ಮಾಡಿ ನೋಡಿ, ಇದರಲ್ಲೂ ಗೆರೆ ಇದೆಯಲ್ಲ, ಯಾರೂ ನೋಡಲಿಲ್ಲವೇ ಎಂದರು. ನನಗೆ ತಡೆಯಲಾಗಲಿಲ್ಲ. ನಾನು ನೋಡಿದ್ದೆ ಸಾರ್, ಅವತ್ತೇ ಡಾಕ್ಟರಿಗೆ ಹೇಳಿದ್ದೆ, ಮೂಳೆಯ ಅಂಚಿಗೆ ಗೆರೆ ನಿಂತಿದೆ ಎಂದು ವಾದ ಮಾಡಿದ್ದೆ ಎಂದು ಒಂದೇ ಉಸಿರಿಗೆ ಹೇಳಿದೆ. ಹನುಮೇಶ್ ತಲೆದೂಗಿದರು. ನಿಮ್ಮ ಕಣ್ಣು ಚೆನ್ನಾಗಿದೆ ಎಂದರು. ಹತ್ತೊಂಬತ್ತು ವರ್ಷದಲ್ಲಿ ಡಾಕ್ಟರೊಬ್ಬರು ನನಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಮುಖ ಅರಳಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಅರಳಿತು.

ಹೊರಗೆ ಬಂದು ಔಷಧಿ ಅಂಗಡಿಯ ಮುಂದಿನ ಬೆಂಚಿನ ಹತ್ತಿರ ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು, ಆಟೋಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಪರೇಷನ್ನಿಗೆ ಯಾವ ಕಾಗದಗಳು ಬೇಕು, ಯಾರನ್ನು ಹಿಡಿಯಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಶಾಂತಿ ಕೂರಲಿಲ್ಲ.

“ಅವತ್ತೇ ನಿಮ್ಗೆ ಕಂಡಿತ್ತಾ?”

ಕಂಡಿತ್ತು ಎಂದೆ. ಆ ಶರಣ್ ಎಂಥವನೆಂದರೆ ಎಂದು ಮತ್ತೆ ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

“ನಾನು ಕೇಳಿದ್ನಲ್ಲ ಅಕ್ಕ. ಏನಾಗೈತೆ ಅಂತ ನಿಮ್ಮನ್ನೇ ಕೇಳಿದ್ನಲ್ಲ.”

ಫಿಲಂನಲ್ಲಿ ಕಂಡದ್ದನ್ನು ರೋಗಿಗೆ ನಾವು ಹೇಳುವ ಹಾಗಿಲ್ಲ, ಅದು ಡಾಕ್ಟರ ಕೆಲಸ, ನಮಗೆ ಹಾಗೇ ಕಲಿಸಿರುತ್ತಾರೆ ಎಂದು ಹೇಳಿದೆ. ಹೇಳುತ್ತಿದ್ದಂತೆ ಆ ಮಾತು ಎಲ್ಲೋ ಕೇಳಿದಂತಿದೆ ಅನ್ನಿಸಿತು, ಶರಣ್ ಬಾಯಿಂದ ಬಂದರೆ ನಾನು ಉಗಿಯುವಂಥ ಮಾತು. ಆದರೂ ನಿಲ್ಲಿಸಲಿಲ್ಲ. ನಿನ್ನ ಪರವಾಗಿ ಡಾಕ್ಟರ ಜೊತೆ ಜಗಳವಾಡಿದೆ, ಕೆಲಸ ಕಳೆದುಕೊಂಡೆ ಎಂದೂ ಸೇರಿಸಿದೆ.

“ಡಾಕ್ಟ್ರಿಗೆ ಹೇಳಿದ್ರಿ, ನಿಮ್ಮ ಮನೇಲಿ ಹೇಳಿರ್ತೀರಿ. ಕೈ ನಂದಲ್ವೇನ್ರಿ? ಒಂದು ಮಾತು, ಸೀಳೈತೆ ಕಣೆ, ಬ್ಯಾರೆ ಕಡೆ ತೋರಿಸು ಅಂದಿದ್ರೆ, ಯಾರು ಏನಂದ್ರೂ ನಾನು ಇಲ್ಲಿಗೆ ಬತ್ತಿದ್ದೆ.”

ಅವಳ ದನಿಯಲ್ಲಿ ಕೂಗಾಟವಿರಲಿಲ್ಲ. ಮೂರು ತಿಂಗಳು ಯಾರೂ ನಂಬದ ಹುಡುಗಿಗೆ, ನಂಬುವ ಒಬ್ಬಳು ಮೊದಲ ದಿನದಿಂದಲೂ ಇದ್ದಳು, ಬಾಯಿ ಮುಚ್ಚಿಕೊಂಡಿದ್ದಳು ಎಂದು ಈಗಷ್ಟೇ ಗೊತ್ತಾಗಿತ್ತು. ಅವಳು ಮತ್ತೋಡಿನಲ್ಲಿ ತನ್ನ ನೋವನ್ನು ತಾನೇ ಅನುಮಾನಿಸುತ್ತ ಕೂತಿದ್ದಾಗ ನಾನು ಹೊಸದುರ್ಗದಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಅವಳ ಊರಿಗೆ ಬಸ್ಸಿತ್ತು. ರಿಜಿಸ್ಟರಿನಲ್ಲಿ ಅವಳ ಫೋನ್ ನಂಬರಿತ್ತು. ಅದನ್ನು ಬರೆದುಕೊಂಡವಳೇ ನಾನು.

ನನ್ನ ಕೈಯಲ್ಲಿದ್ದ ಚಿತ್ರಗಳ ಕವರಿಗಾಗಿ ಎಡಗೈ ಚಾಚಿದಳು. ಕೊಟ್ಟೆ. ಅಡ್ಮಿಟ್ ಆಗುವ ದಿನ ನಾನೂ ಬಂದು ಜೊತೆಗಿರುತ್ತೇನೆ ಎಂದೆ.

“ಬರಬ್ಯಾಡ್ರಿ,” ಎಂದಳು.

ಹೊಸದುರ್ಗದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮುಂದೆ ಹೋಗಿ ಡ್ರೈವರಿನ ಹಿಂದೆ ನಿಂತುಕೊಂಡಳು, ಕವರನ್ನು ಕಂಕುಳಲ್ಲಿಟ್ಟು ಎಡಗೈಯಲ್ಲಿ ಕಂಬಿ ಹಿಡಿದು, ಊರು ಬರುವ ತನಕ.